ಇಪ್ಪತ್ತಕ್ಕೆ ಆರು ಬಂದಿದೆ, ಅಪ್ಪನಿಗೆ ಹದಿನಾರು ಅಂದಿದ್ದೇನೆ

ಪ್ರಶ್ನೆ: ಮೇಡಂ, ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಸೈನ್ಸ್. ಶೇ 91 ಬಂದಾಗ ಊರಿಗೆಲ್ಲ ಸಿಹಿ ಹಂಚಿದರು. ಈಗ ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ, ಕೆಮಿಸ್ಟ್ರಿ ಮತ್ತು ಬಾಟನಿ. ಪಿಯುನಲ್ಲಿ ನೋಟ್ಸ್ ಬರೆಸುತ್ತಿದ್ದರು. ಇಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡಿ, ಎರಡು ಪುಸ್ತಕದ ಹೆಸರು ಹೇಳಿ ಹೋಗುತ್ತಾರೆ. ಕೆಮಿಸ್ಟ್ರಿಯಲ್ಲಿ ಇಂಟರ್ನಲ್ 20 ಅಂಕ, ಕೊನೆಯ ಪರೀಕ್ಷೆ 80. ಇಂಟರ್ನಲ್‌ಗೆ ಎರಡು ಟೆಸ್ಟುಗಳ ಸರಾಸರಿ ತೆಗೆದುಕೊಳ್ಳುತ್ತಾರಂತೆ. ಮೊದಲನೆಯದರಲ್ಲಿ ನನಗೆ 20ಕ್ಕೆ 6. ಎರಡನೆಯದಕ್ಕೆ ಇನ್ನು ಐದು ವಾರ ಇದೆ. ಲ್ಯಾಬ್ ರೆಕಾರ್ಡ್ ಎರಡು ಸಲ ವಾಪಸ್ ಬಂತು. ಕಬ್ಬು ಬೆಳೆದು ಓದಿಸುತ್ತಿರುವ ಅಪ್ಪ ಫೋನ್ ಮಾಡಿ ಕೇಳಿದಾಗ 16 ಅಂದುಬಿಟ್ಟೆ. ಶುಕ್ರವಾರ ಸಂಜೆ ಊರಿಗೆ ಹೋದರೆ ಸೋಮವಾರ ವಾಪಸ್ ಬರಲು ಕಾಲೇ ಏಳುವುದಿಲ್ಲ. ಇದು ನನ್ನಂಥವರ ಜಾಗ ಅಲ್ಲವೇನೋ. ಬಿಟ್ಟು ಮುಂದಿನ ವರ್ಷ ಮಂಡ್ಯದಲ್ಲಿ ಬಿ.ಎ.ಗೆ ಸೇರಲಾ? ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ನೋಡಮ್ಮ, 91 ತಂದವಳು ನೀನೇ, 6 ತಂದವಳೂ ನೀನೇ. ಮೂರು ತಿಂಗಳಲ್ಲಿ ಯಾರ ಬುದ್ಧಿಯೂ ಅಷ್ಟು ಕರಗುವುದಿಲ್ಲ. ಕರಗಿರುವುದು ನಿನ್ನ ಹಳೆಯ ಓದಿನ ರೀತಿ. ಪಿಯುಸಿಯಲ್ಲಿ ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಮೊದಲೇ ಕೈಯಲ್ಲಿರುತ್ತದೆ, ಅದೇ ಪಾಠವನ್ನು ವರ್ಷವಿಡೀ ಮೂರು ನಾಲ್ಕು ಸಲ ತಿರುವಿಹಾಕುತ್ತಾರೆ. ಪದವಿಯಲ್ಲಿ ಒಂದು ಸೆಮಿಸ್ಟರ್ ಅಂದರೆ ಹೆಚ್ಚುಕಡಿಮೆ 16 ವಾರ. ಪಿಯುಸಿಯಲ್ಲಿ ಮೂರು ವಾರ ಹಿಂದೆ ಬಿದ್ದರೆ ದಸರಾ ರಜೆಯಲ್ಲಿ ಸರಿದೂಗಿಸಬಹುದಿತ್ತು. ಇಲ್ಲಿ ಮೂರು ವಾರ ಅಂದರೆ ಇಡೀ ಸೆಮಿಸ್ಟರಿನ ಐದರಲ್ಲಿ ಒಂದು ಪಾಲು. ಇದನ್ನು ಸೇರಿದ ಮೊದಲ ದಿನವೇ ಮಕ್ಕಳಿಗೆ ಕೂರಿಸಿ ಹೇಳಬೇಕು. ಹೇಳುವುದಿಲ್ಲ ಎಂಬುದು ನನಗೆ ನಿಜವಾದ ನೋವು.

ಮೊದಲು ಆ ಆರರ ಲೆಕ್ಕ ನೋಡೋಣ. ಎರಡನೇ ಟೆಸ್ಟಿನಲ್ಲಿ 16 ತೆಗೆದರೆ ಸರಾಸರಿ 11. ಅಂದರೆ ನೂರರಲ್ಲಿ ನೀನು ಕಳೆದುಕೊಳ್ಳುವುದು 9 ಅಂಕ, ಉಳಿದ 80 ಹಾಗೆಯೇ ಮುಂದಿದೆ. ಇದು ಕಾಲೇಜು ಬಿಡಿಸುವ ಸಂಖ್ಯೆಯಲ್ಲ. ನಿನ್ನನ್ನು ನಿಜವಾಗಿ ಸಂಕಟಕ್ಕೆ ಸಿಕ್ಕಿಸಬಹುದಾದದ್ದು ಶುಕ್ರವಾರದ ಬಸ್ಸು. ವಾರಕ್ಕೆ ನಾಲ್ಕು ಕ್ಲಾಸಿನ ಪೇಪರ್ ಅಂದರೆ 16 ವಾರಕ್ಕೆ 64 ಕ್ಲಾಸು. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು, ಅಂದರೆ 48. ಪ್ರತಿ ಸೋಮವಾರ ಒಂದು ಕ್ಲಾಸು ತಪ್ಪಿದರೆ ನಿನಗಿರುವ ಆ 16 ಕ್ಲಾಸಿನ ರಿಯಾಯಿತಿ ಅಲ್ಲಿಗೇ ಮುಗಿಯಿತು. ಆಮೇಲೆ ಎರಡು ದಿನ ಜ್ವರ ಬಂದರೂ ಕೊರತೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಬನ್ನೂರು ಕಿರುಗಾವಲು ದಾರಿಯ ಬಸ್ ಹತ್ತಿದರೆ ಮನೆ. ಅದು ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಅನುಕೂಲ ಎಂಬುದು ಗೊತ್ತು. ಆದರೂ ಈ ಐದು ವಾರ ಎರಡು ವಾರಕ್ಕೊಮ್ಮೆ ಹೋಗು, ಭಾನುವಾರ ಸಂಜೆಯೇ ಹಾಸ್ಟೆಲ್ ಸೇರಿಕೋ. ಸೋಮವಾರ ಬೆಳಿಗ್ಗೆ ಅಮ್ಮ ಕೊಟ್ಟ ತಿಂಡಿ ಎದುರಿಗಿಟ್ಟುಕೊಂಡು ಹೊರಡುವುದು ಯಾರಿಗೂ ಸುಲಭವಲ್ಲ.

ಇನ್ನು ನೋಟ್ಸು. ನಿನ್ನ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಮೇಷ್ಟ್ರು ಹೇಳಿದ್ದನ್ನೆಲ್ಲ ಪೂರ್ತಿ ವಾಕ್ಯದಲ್ಲಿ ಬರೆಯಲು ಹೋಗುತ್ತಿದ್ದೀಯ ಎಂದು ನನ್ನ ಊಹೆ, ಬರೆಸಿಕೊಂಡು ಬೆಳೆದ ಕೈ ಹಾಗೆಯೇ ಮಾಡುತ್ತದೆ. ಆಗ ಮೊದಲ ವಾಕ್ಯ ಬರೆದು ಮುಗಿಸುವಷ್ಟರಲ್ಲಿ ಮೂರನೆಯದು ಹೋಗಿರುತ್ತದೆ, ಕಿವಿಗೂ ಇಲ್ಲ, ಪುಸ್ತಕಕ್ಕೂ ಇಲ್ಲ. ಪುಟದ ಎಡಗಡೆ ಮೂರರಲ್ಲಿ ಒಂದು ಭಾಗ ಬಿಟ್ಟು ಗೆರೆ ಎಳೆ. ಬಲಗಡೆ ಶೀರ್ಷಿಕೆ, ಸಮೀಕರಣ, ಬೋರ್ಡಿನ ಚಿತ್ರ, ಬಾಣದ ಗುರುತು, ಅಷ್ಟೇ. ಮಾತು ಕನ್ನಡದಲ್ಲೇ ತಲೆಗೆ ಬಂದರೆ ಕನ್ನಡದಲ್ಲೇ ಗೀಚು. ತಪ್ಪಿದ ಕಡೆ ಎರಡು ಸಾಲು ಖಾಲಿ ಬಿಟ್ಟು ಮುಂದೆ ಹೋಗು. ಆ ಖಾಲಿ ಜಾಗವೇ ಆಮೇಲೆ ಏನು ಹುಡುಕಬೇಕೆಂದು ತೋರಿಸುತ್ತದೆ. ಅದೇ ಸಂಜೆ, ನಾಳೆ ಅಲ್ಲ, ಒಂದೊಂದು ಕ್ಲಾಸಿಗೆ 20 ನಿಮಿಷ ಕೂತು ಪುಸ್ತಕ ನೋಡಿ ಖಾಲಿ ತುಂಬು, ಎಡಗಡೆ ಆ ಭಾಗದಿಂದ ಯಾವ ಪ್ರಶ್ನೆ ಬರಬಹುದೆಂದು ಬರೆ. ಎರಡು ದಿನ ಬಿಟ್ಟರೆ ನೀನು ಗೀಚಿದ್ದು ನಿನಗೇ ಅರ್ಥವಾಗುವುದಿಲ್ಲ. ಎಲ್ಲರ ನೋಟ್ಸೂ ಕೆಡುವುದು ಅಲ್ಲೇ.

ಅವರು ಹೆಸರು ಹೇಳಿದ ಆ ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡಬೇಡ. ಮೊದಲು ಸಿಲಬಸ್ ಪ್ರತಿ ತೆಗೆದುಕೊಂಡು ಮಂಚದ ಪಕ್ಕದ ಗೋಡೆಗೆ ಅಂಟಿಸು. ಸಿಲಬಸ್ ನೋಡದೆ ಟೆಸ್ಟಿಗೆ ಹೋಗುವ ಮಕ್ಕಳು ಎಷ್ಟೋ. ಈ ವಾರದ ಪಾಠದ ಪದಗಳನ್ನು ಪುಸ್ತಕದ ಕೊನೆಯಲ್ಲಿರುವ ಅಕಾರಾದಿ ಸೂಚಿಯಲ್ಲಿ ಹುಡುಕು, ಅಲ್ಲಿರುವ ಪುಟಗಳನ್ನಷ್ಟೇ ಓದು. ದಿನಕ್ಕೆ ನಾಲ್ಕು ಪುಟ ಸಾಕು. ಎರಡು ಪುಸ್ತಕಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ. ಲೈಬ್ರರಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಒಂದು ಎಚ್ಚರ: ನಮ್ಮ ರಾಜ್ಯದಲ್ಲಿ 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂದು ಪಠ್ಯಕ್ರಮ ಬದಲಾಗಿದೆ. ಅದಕ್ಕಿಂತ ಹಿಂದಿನ ಪತ್ರಿಕೆಗಳನ್ನು ಸಿಲಬಸ್ ಪಕ್ಕ ಇಟ್ಟುಕೊಂಡೇ ಬಿಡಿಸು, ಇಲ್ಲದ ಪಾಠಕ್ಕೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡ.

ಇಂಗ್ಲಿಷಿನ ಭಯ ಮಾತಾಡುವ ಇಂಗ್ಲಿಷಿನದು. ಪಕ್ಕದ ಹುಡುಗಿ ಕ್ಯಾಂಟೀನಿನಲ್ಲಿ ಪಟಪಟ ಮಾತಾಡುವುದಕ್ಕೂ ಕೆಮಿಸ್ಟ್ರಿ ಪೇಪರಿಗೂ ಸಂಬಂಧ ಕಡಿಮೆ. ಪರೀಕ್ಷೆಗೆ ಬೇಕಾದದ್ದು ಸಣ್ಣ ಪದಸಂಪತ್ತು, ಅದೇ ಪದಗಳು ತಿರುತಿರುಗಿ ಬರುತ್ತವೆ. ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆ ಎಂಟು ಪದ ಬರೆ: ಪದ, ಕನ್ನಡದಲ್ಲಿ ಅರ್ಥ, ಅದನ್ನು ಬಳಸಿದ ಒಂದು ಸಾಲು. ವಾರಕ್ಕೆ ಆರು ದಿನದಂತೆ ಐದು ವಾರಕ್ಕೆ 240 ಪದ. ಮೈಸೂರು ವಿಶ್ವವಿದ್ಯಾನಿಲಯವೇ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟು ಲೈಬ್ರರಿಯಲ್ಲಿದ್ದರೆ ಕೇಳು, ಫೋನಿನ ಅನುವಾದಕ್ಕಿಂತ ಅದು ನಂಬಿಕೆಗೆ ಯೋಗ್ಯ. ಪ್ರಶ್ನೆಯ ಕ್ರಿಯಾಪದಗಳನ್ನು ಮೊದಲು ಕಲಿ. ‘ಡಿಫೈನ್’ ಅಂದರೆ ಒಂದೆರಡು ಸಾಲಿನ ವ್ಯಾಖ್ಯೆ. ‘ಡಿಸ್ಟಿಂಗ್ವಿಶ್’ ಅಂದರೆ ಎರಡು ಕಾಲಂ ಹಾಕಿ ವ್ಯತ್ಯಾಸ, ಎರಡನ್ನೂ ಬೇರೆ ಬೇರೆ ವಿವರಿಸಿ ಬಿಟ್ಟರೆ ಅಂಕ ಹೋಗುತ್ತದೆ. ‘ಡಿರೈವ್’ ಅಂದರೆ ಎಲ್ಲಿಂದ ಹೊರಟೆ ಎಂಬುದರಿಂದ ಹಿಡಿದು ಪ್ರತಿ ಹೆಜ್ಜೆ. ‘ಅಕೌಂಟ್ ಫಾರ್’ ಎಂದು ಕಂಡರೆ ಲೆಕ್ಕ ಮಾಡಲು ಕೂರಬೇಡ, ಅದು ಕಾರಣ ಕೊಡು ಎಂದು ಕೇಳುವ ಪ್ರಶ್ನೆ. ಕನ್ನಡ ಮಾಧ್ಯಮದಿಂದ ಬಂದ ಜಾಣ ಮಕ್ಕಳು ಉತ್ತರ ಗೊತ್ತಿದ್ದೂ ಎಡವುವುದು ಇಂಥ ಎರಡು ಪದದಲ್ಲಿ. ನಿನ್ನ ಟೆಸ್ಟ್ ಪೇಪರನ್ನು ಇನ್ನೊಮ್ಮೆ ತೆಗೆದು ನೋಡು: ಗೊತ್ತಿಲ್ಲದೆ ಹೋದ ಅಂಕ ಎಷ್ಟು, ಪ್ರಶ್ನೆ ಅರ್ಥವಾಗದೆ ಹೋದದ್ದೆಷ್ಟು, ಸಮಯ ಸಾಲದೆ ಬಿಟ್ಟದ್ದೆಷ್ಟು ಎಂದು ಮೂರು ಪಾಲು ಮಾಡು. ಮದ್ದು ಬೇರೆ ಬೇರೆ.

ಆ ಪೇಪರ್ ಹಿಡಿದುಕೊಂಡೇ ಮೇಷ್ಟ್ರ ಹತ್ತಿರ ಹೋಗು. ‘ಸರ್, ಏನೂ ಅರ್ಥ ಆಗ್ತಿಲ್ಲ’ ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೋ ತಿಳಿಯದು. ಪುಸ್ತಕದ ಪುಟ ತೆರೆದು, ಪೆನ್ಸಿಲಿನಲ್ಲಿ ಗುರುತು ಹಾಕಿದ ಸಾಲು ತೋರಿಸಿ, ‘ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂತು ಸರ್’ ಎಂದು ಕೇಳು. ಒಂದು ಸಲಕ್ಕೆ ಎರಡೇ ಪ್ರಶ್ನೆ. ಕನ್ನಡದಲ್ಲೇ ಕೇಳು, ನಾಚಿಕೆ ಬೇಡ.

ರೆಕಾರ್ಡ್ ವಾಪಸ್ ಬಂದದ್ದಕ್ಕೆ ಕಾರಣ ನೀನು ಬರೆದಿಲ್ಲ, ಆದರೆ ಸಾಮಾನ್ಯವಾಗಿ ಅದು ಮೂರರಲ್ಲಿ ಒಂದು. ಅಬ್ಸರ್ವೇಶನ್ ಪುಸ್ತಕಕ್ಕೆ ಅದೇ ದಿನ ಸಹಿ ಹಾಕಿಸಿಕೊಂಡಿರುವುದಿಲ್ಲ. ಗೆರೆಯಿಲ್ಲದ ಎಡ ಪುಟದಲ್ಲಿ ಪೆನ್ಸಿಲಿನಲ್ಲಿರಬೇಕಾದ ಚಿತ್ರ, ಕೋಷ್ಟಕ, ಲೆಕ್ಕ ಬಲಪುಟದ ಬರವಣಿಗೆಯೊಳಗೆ ಸೇರಿಕೊಂಡಿರುತ್ತವೆ. ಇಲ್ಲವೇ ರೀಡಿಂಗುಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಮೂರನೆಯದಕ್ಕೆ ಹೆದರಬೇಡ, ಕೈ ಪಳಗಿದರೆ ಬರುತ್ತದೆ. ಟೈಟ್ರೇಶನ್‌ನಲ್ಲಿ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವಾಗ, ಹನಿ ಬಿಡುವ ಉದ್ದ ಕೊಳವೆಯಾದ ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದ ಮೇಲೆ ಅದರೊಳಗೆ ಹಾಕುವ ದ್ರಾವಣದಲ್ಲೇ ಇನ್ನೊಮ್ಮೆ ತೊಳಿ. ಪಿಪೆಟ್ಟಿಗೂ ಹಾಗೆಯೇ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಡಿಸ್ಟಿಲ್ಡ್ ನೀರಿನಲ್ಲಷ್ಟೇ ತೊಳೆಯಬೇಕು, ದ್ರಾವಣದಲ್ಲಿ ತೊಳೆದರೆ ಅಳೆದು ಹಾಕಿದ್ದಕ್ಕಿಂತ ಹೆಚ್ಚು ಅಂಶ ಒಳಗೆ ಉಳಿದು ರೀಡಿಂಗ್ ಏರುತ್ತದೆ. ತುಂಬಿದ ಕೂಡಲೇ ಫನೆಲ್ ತೆಗೆದಿಡು, ಅದರಿಂದ ತೊಟ್ಟಿಕ್ಕುವ ಒಂದು ಹನಿಯೂ ಲೆಕ್ಕ ಕೆಡಿಸುತ್ತದೆ. ಮೂತಿಯಲ್ಲಿ ಗಾಳಿಗುಳ್ಳೆ ಇದೆಯೇ ನೋಡು. ಅದು ನಡುವೆ ಹೊರಟರೆ ದ್ರಾವಣ ಫ್ಲಾಸ್ಕಿಗೆ ಬೀಳದೆಯೇ ಮಟ್ಟ ಇಳಿದು ರೀಡಿಂಗ್ ಏರುತ್ತದೆ. ರೀಡಿಂಗ್ ತೆಗೆಯುವಾಗ ಬಣ್ಣವಿಲ್ಲದ ದ್ರಾವಣಕ್ಕೆ ಅದರ ತಗ್ಗಿದ ಮೇಲ್ಮೈಯ ಕೆಳಭಾಗ ನೋಡು, ಪರ್ಮಾಂಗನೇಟಿನಂಥ ಗಾಢ ಬಣ್ಣಕ್ಕೆ ಮೇಲಂಚು ನೋಡು, ಎರಡಕ್ಕೂ ಕಣ್ಣು ಅದೇ ಮಟ್ಟದಲ್ಲಿರಲಿ. ಮೊದಲ ಸಲದ್ದು ಅಂದಾಜಿಗೆ, ಆಮೇಲಿನವು 0.1 ಮಿಲಿ ಲೀಟರಿನ ಒಳಗೆ ಹೊಂದುವವರೆಗೂ ಮಾಡು. ಪಕ್ಕದವರ ರೀಡಿಂಗ್ ನಕಲು ಮಾಡಿದರೆ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಲ್ಯಾಬ್ ಮುಗಿದ ಎರಡು ದಿನದೊಳಗೆ ರೆಕಾರ್ಡ್ ಬರೆದಿಡು. ಸಹಿಯಾದ ರೆಕಾರ್ಡ್ ಇಲ್ಲದೆ ಪ್ರಾಯೋಗಿಕ ಪರೀಕ್ಷೆಯ ದಿನ ತುಂಬಾ ಕಷ್ಟ.

ಬಿ.ಎ. ವಿಷಯ. ಬಿ.ಎ. ಕಡಿಮೆ ಓದೇನೂ ಅಲ್ಲ, ಅಲ್ಲಿಯೂ ಯಾರೂ ನೋಟ್ಸ್ ಬರೆಸಲಿಕ್ಕಿಲ್ಲ. ಭಯವಾಗಿ ಬಿಡುವುದು ಬೇರೆ, ವಿಷಯವೇ ಬೇಡವಾಗಿ ಬಿಡುವುದು ಬೇರೆ. ಈ ಐದು ವಾರ ಹೀಗೆ ಓದಿ, ಎರಡನೇ ಟೆಸ್ಟ್ ಮುಗಿದ ಮೇಲೆ ಕೇಳಿಕೋ: ಅರ್ಥವಾದ ದಿನವೂ ಕೆಮಿಸ್ಟ್ರಿ ನನಗೆ ರುಚಿಸಲಿಲ್ಲವೇ? ರುಚಿಸದಿದ್ದರೆ ಬದಲಾಯಿಸಿಕೋ, ಅದರಲ್ಲಿ ಅವಮಾನವಿಲ್ಲ. ಆದರೆ ಈಗಲೇ ಟಿ.ಸಿ. ತೆಗೆದರೆ ಒಂದು ವರ್ಷ ಹೋಗುತ್ತದೆ, ಹಾಸ್ಟೆಲ್ ಸೀಟು ಬಿಡಬೇಕಾಗುತ್ತದೆ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಈ ಕೋರ್ಸಿಗೆಂದು ಹಾಕಿದ ವಿದ್ಯಾರ್ಥಿವೇತನದ ಅರ್ಜಿಯೂ ವ್ಯರ್ಥ. ಅದನ್ನು ಇನ್ನೂ ಹಾಕಿಲ್ಲದಿದ್ದರೆ ಈ ವಾರವೇ ಹಾಕು. ನಿನ್ನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತ ಮಾಡಿಕೋ, ಮಂಜೂರಾದ ಹಣ ಬಾರದೆ ನಿಲ್ಲುವುದು ಹೆಚ್ಚಾಗಿ ಅಲ್ಲಿ. ರೈತರ ಮಕ್ಕಳ ವಿದ್ಯಾನಿಧಿಗೆ ಅಪ್ಪನ ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಸರ್ಕಾರದ ರೈತರ ನೋಂದಣಿಯ ಸಂಖ್ಯೆ ಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ಅಪ್ಪನಿಗೆ ಹೇಳು.

‘ನನ್ನಂಥವರ ಜಾಗ ಅಲ್ಲ’ ಅಂದಿದ್ದೀಯ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಗುವವರೆಗೆ ನಮ್ಮ ಸೀಮೆಯ ಕಾಲೇಜುಗಳು ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನಮ್ಮ ಮಕ್ಕಳಿಗೆ ನಮ್ಮದೇ ಒಂದು ಬೇಕೆಂದು ಕಟ್ಟಿದ್ದು ಇದು. ಮಲೆನಾಡಿನ ಕುಪ್ಪಳಿಯಿಂದ ಬಂದು ಇಲ್ಲೇ ಓದಿದ ಕುವೆಂಪು ಮುಂದೆ ಅದರ ಕುಲಪತಿಯಾಗಿ ಮಾನಸಗಂಗೋತ್ರಿಯನ್ನು ಕಟ್ಟಿಸಿದರು. ಮಳವಳ್ಳಿಯ ಹುಡುಗಿ ಇಲ್ಲಿ ನೆಂಟಳಲ್ಲ ಕಣಮ್ಮ, ಮನೆಯವಳು.

ಅಪ್ಪನಿಗೆ ಹೇಳುವುದನ್ನು ಮುಂದೂಡಬೇಡ. ಎರಡನೇ ಟೆಸ್ಟಿನಲ್ಲಿ ನಿಜವಾಗಿಯೂ 16 ಬಂದರೆ ಆ ಖುಷಿಯನ್ನು ಹೇಳಿಕೊಳ್ಳಲೂ ಆಗದಂತೆ ಈ ಸುಳ್ಳು ಬಾಯಿ ಕಟ್ಟುತ್ತದೆ. ಜೊತೆಗೆ ಸೆಮಿಸ್ಟರ್ ಫಲಿತಾಂಶ ಫೋನಿನಲ್ಲೇ ಕಾಣುತ್ತದೆ, ನಿನ್ನ ಚಿಕ್ಕಪ್ಪನ ಮಗ ತೆಗೆದು ತೋರಿಸುವ ದಿನಕ್ಕೆ ಕಾಯಬೇಡ. ಫೋನಿನಲ್ಲಿ ಬೇಡ, ಎದುರಿಗೆ ಹೇಳು. ಅಮ್ಮನನ್ನು ಮುಂದೆ ಬಿಟ್ಟು ಹೇಳಿಸಬೇಡ. ಈ ಶನಿವಾರ ಹಾಸ್ಟೆಲ್‌ನಲ್ಲೇ ಇದ್ದು ರೆಕಾರ್ಡ್ ತಿದ್ದಿ ಮುಗಿಸು, ಪೇಪರಿನ ಮೂರು ಪಾಲಿನ ಲೆಕ್ಕ ಮಾಡಿಡು. ಮುಂದಿನ ಶನಿವಾರ ಊರಿಗೆ ಹೋದಾಗ ಆ ಪೇಪರ್ ಬ್ಯಾಗಿನಲ್ಲಿರಲಿ. ಅಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದು, ಊಟ ಮುಗಿಸಿ ಜಗುಲಿಯ ಮೇಲೆ ಕೂತಾಗ ಹತ್ತಿರ ಕೂತು, ‘ಅಪ್ಪ, ಅವತ್ತು ಹದಿನಾರು ಅಂದಿದ್ನಲ್ಲ, ಅದು ಆರು ಕಣಪ್ಪ. ಹೆದರಿ ಹಂಗಂದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗೈತೆ, ಮುಂದಿನ ಟೆಸ್ಟಿನ ಪೇಪರೂ ತಂದು ತೋರಿಸ್ತೀನಿ’ ಎಂದು ಹೇಳಿ, ಪೇಪರನ್ನು ಅವರ ಕೈಗೆ ಕೊಡು.