ಕಂಪನಿಗಳ ಪರಿಸರ ನಡೆ ಒಂದೇ ಬಗೆಯಾಗಿ ಏಕಿಲ್ಲ?

ಪ್ರಶ್ನೆ: ಸುಸ್ಥಿರತೆಯ ಮಾತನ್ನು ಈಗ ಎಲ್ಲ ಕಂಪನಿಗಳೂ ಆಡುತ್ತವೆ. ಆದರೆ ಒಂದು ಕಂಪನಿ ಕೆಲವೇ ವರ್ಷಗಳಲ್ಲಿ ಮಾಲಿನ್ಯವನ್ನು ಅರ್ಧಕ್ಕೆ ಇಳಿಸಿದ್ದೇವೆ ಎನ್ನುತ್ತದೆ, ಇನ್ನೊಂದು 2050ರವರೆಗೆ ಕಾಲಾವಕಾಶ ಕೇಳುತ್ತದೆ, ಮತ್ತೊಂದು ಕೊಟ್ಟ ಮಾತನ್ನೇ ಹಿಂತೆಗೆದುಕೊಳ್ಳುತ್ತದೆ. ಇದು ಮಾಲೀಕರ ಒಳ್ಳೆಯತನದ ವ್ಯತ್ಯಾಸವೇ?

ಉತ್ತರ: ಒಳ್ಳೆಯತನಕ್ಕೂ ಇದರಲ್ಲಿ ಪಾಲಿದೆ. ಆದರೆ ಅಲ್ಲಿಂದಲೇ ಆರಂಭಿಸಿದರೆ ನಮ್ಮ ತೀರ್ಪು ತಪ್ಪುತ್ತದೆ. ಆ ಕಂಪನಿಯ ಕಸುಬಿನಲ್ಲಿ ಹೊಗೆ ಏಳುವುದು ಎಲ್ಲಿಂದ ಎಂಬುದನ್ನು ಮೊದಲು ನೋಡಬೇಕು.

ಸಿಮೆಂಟ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಸುಣ್ಣಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಡೆದು ಸುಣ್ಣವಾಗುವಾಗ, ಕಲ್ಲಿನೊಳಗೇ ಸೇರಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಇದ್ದರೆ ಅದರಲ್ಲಿ 44 ಕಿಲೋ ಹೀಗೆ ಅನಿಲವಾಗಿ ಹೋಗುತ್ತದೆ. ಕಲ್ಲಿದ್ದಲನ್ನು ಪೂರ್ತಿ ಬಿಟ್ಟು ಬಿಸಿಲಿನ ಶಕ್ತಿಯಿಂದಲೇ ಕುಲುಮೆಯನ್ನು ಕಾಯಿಸಿದರೂ ಈ 44 ಕಿಲೋ ತಪ್ಪುವುದಿಲ್ಲ. ಸಿಮೆಂಟಿನಿಂದಾಗುವ ಇಂಗಾಲದ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಂಧನದ್ದಲ್ಲ, ಕಲ್ಲಿನದ್ದು. ಸಾಫ್ಟ್‌ವೇರ್ ಕಂಪನಿಯೊಂದರ ಸ್ವಂತ ಕಚೇರಿಗಳ ಮಾಲಿನ್ಯವಾದರೋ ಬಹುಮಟ್ಟಿಗೆ ವಿದ್ಯುತ್ತಿನದು. ಗಾಳಿ ಅಥವಾ ಸೌರ ವಿದ್ಯುತ್ತನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರೆ ಅದರ ಲೆಕ್ಕ ಬಹಳಷ್ಟು ಹಗುರಾಗುತ್ತದೆ. ಒಬ್ಬರು ವಿದ್ಯುತ್ತಿನ ಮೂಲವನ್ನು ಬದಲಿಸಿದರೆ ಸಾಕು, ಇನ್ನೊಬ್ಬರು ಕಸುಬಿನ ರಸಾಯನಶಾಸ್ತ್ರವನ್ನೇ ಬದಲಿಸಬೇಕು. ಆದ್ದರಿಂದ ಸಿಮೆಂಟ್ ಕಂಪನಿಯೊಂದು ಸಾಫ್ಟ್‌ವೇರ್ ಕಂಪನಿಯಷ್ಟೇ ಬೇಗ ಗುರಿ ಮುಟ್ಟಿದೆನೆಂದು ಸಾರಿದರೆ, ಆ ಮಾತನ್ನೇ ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಒಂದೇ ಕಸುಬಿನ ಕಂಪನಿಗಳ ನಡುವೆಯೂ ಅಂತರ ಕಂಡರೆ, ಆಗ ಒಡೆತನದತ್ತ ತಿರುಗಬೇಕು. ಫ್ರಾನ್ಸಿನ ಆಹಾರ ಕಂಪನಿ ಡ್ಯಾನೋನ್‌ನ ಷೇರುದಾರರು 2020ರಲ್ಲಿ, ಲಾಭದ ಜೊತೆಗೆ ಸಾಮಾಜಿಕ ಹಾಗೂ ಪರಿಸರದ ಗುರಿಗಳನ್ನೂ ಕಂಪನಿಯ ನಿಯಮಾವಳಿಯಲ್ಲಿ ಬರೆದಿಡಲು ಒಪ್ಪಿದರು. ಮರುವರ್ಷದ ಮಾರ್ಚ್‌ನಲ್ಲೇ, ಷೇರಿನ ಬೆಲೆ ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬಿದ್ದಿದೆ ಎಂದು ಕೆಲವು ಹೂಡಿಕೆದಾರರು ಒತ್ತಡ ತಂದ ಮೇಲೆ, ಆ ನಡೆಯ ಮುಂದಾಳಾಗಿದ್ದ ಮುಖ್ಯಸ್ಥ ಇಮ್ಯಾನ್ಯುಯೆಲ್ ಫೇಬರ್ ಹುದ್ದೆ ಕಳೆದುಕೊಂಡರು. ಉಡುಪು ಕಂಪನಿ ಪ್ಯಾಟಗೋನಿಯಾದ ಸ್ಥಾಪಕ ಕುಟುಂಬ 2022ರಲ್ಲಿ ತನ್ನ ಒಡೆತನವನ್ನೇ ಒಂದು ಟ್ರಸ್ಟ್‌ಗೂ ಪರಿಸರಕ್ಕಾಗಿ ದುಡಿಯುವ ಒಂದು ಸಂಸ್ಥೆಗೂ ಬಿಟ್ಟುಕೊಟ್ಟಿತು. ಷೇರುಪೇಟೆಯಲ್ಲಿಲ್ಲದ ಕಂಪನಿಯಾದ್ದರಿಂದ ಆ ಕುಟುಂಬ ಯಾರ ಅನುಮತಿಗೂ ಕಾಯಬೇಕಾಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಒಪ್ಪಿಸಬೇಕಾದವರಿಗೂ ಹದಿನೈದು ವರ್ಷ ಕಾಯಬಲ್ಲವರಿಗೂ ಒಂದೇ ಧೈರ್ಯ ಇರಲಾರದು.

ಕಾನೂನಿನ ಮಾತು ಚಿಕ್ಕದು: ಹೊಗೆಗೆ ಬೆಲೆ ಕಟ್ಟಿದ ಕಡೆ ಕಂಪನಿ ಒಂದು ರೀತಿ ನಡೆದುಕೊಳ್ಳುತ್ತದೆ, ಬೆಲೆಯಿಲ್ಲದ ಕಡೆ ಅದೇ ಕಂಪನಿ ಇನ್ನೊಂದು ರೀತಿ. ಐರೋಪ್ಯ ಒಕ್ಕೂಟ 2005ರಿಂದ ದೊಡ್ಡ ಕಾರ್ಖಾನೆಗಳ ಹೊರಸೂಸುವಿಕೆಗೆ ಪರವಾನಗಿಯ ಮಿತಿ ಹಾಕಿದೆ; ಆ ಪರವಾನಗಿಗಳನ್ನು ಕೊಳ್ಳಬಹುದು, ಮಾರಬಹುದು, ಹೀಗೆ ಹೊಗೆಗೆ ಬೆಲೆ ಬರುತ್ತದೆ.

ಪ್ರಶ್ನೆ: ಹಾಗಾದರೆ ಎರಡು ಕಂಪನಿಗಳ ವರದಿಗಳನ್ನು ಸಾಮಾನ್ಯ ಓದುಗರು ಹೋಲಿಸುವುದು ಹೇಗೆ?

ಉತ್ತರ: ಒಂದೇ ಕಸುಬಿನವುಗಳನ್ನು ಮಾತ್ರ ಹೋಲಿಸಿ, ಮತ್ತು ಲೆಕ್ಕದ ಎಲ್ಲೆ ಎಲ್ಲಿಗೆ ನಿಂತಿದೆ ಎಂದು ನೋಡಿ. ಕಾರು ತಯಾರಿಸುವ ಕಾರ್ಖಾನೆಯ ಚಾವಣಿಯ ತುಂಬ ಸೌರ ಫಲಕಗಳಿರಬಹುದು. ಆದರೆ ಪೆಟ್ರೋಲ್ ಕಾರಿನ ಬಹುಪಾಲು ಹೊಗೆ ಏಳುವುದು ಅದು ಮಾರಾಟವಾಗಿ ರಸ್ತೆಗಿಳಿದ ಮೇಲೆ. ವರದಿಯಲ್ಲಿ ಆ ಹೊಗೆ ಸೇರಿದೆಯೇ? ಪೂರೈಕೆದಾರರ ಹೊಗೆ ಸೇರಿದೆಯೇ?

ಶೇಕಡಾವಾರು ಅಂಕಿಯನ್ನಂತೂ ಎರಡು ಸಲ ಓದಬೇಕು. ‘ಪ್ರತಿ ಟನ್ ಉತ್ಪನ್ನಕ್ಕೆ ಶೇ 20 ಇಳಿಕೆ’ ಎಂದು ಬರೆದ ಕಂಪನಿ ಅದೇ ಅವಧಿಯಲ್ಲಿ ಉತ್ಪಾದನೆಯನ್ನು ಶೇ 50 ಹೆಚ್ಚಿಸಿದ್ದರೆ, ಮೊದಲು 100 ಟನ್ ಇದ್ದ ಹೊಗೆ ಈಗ 120 ಟನ್ ಆಗಿರುತ್ತದೆ. ಬರೆದದ್ದು ಸುಳ್ಳಲ್ಲ, ಆದರೆ ಆಕಾಶಕ್ಕೆ ಸೇರುವುದು ಆ 120 ಟನ್.