ಡ್ರೆಸ್ಡನ್‌ನಿಂದ ವಾರಾಂತ್ಯಕ್ಕೆ ಪ್ರಾಗ್: ವೀಸಾ, ರೈಲು, ಎರಡು ದಿನದ ಓಡಾಟ

ನಮಸ್ಕಾರ. ಡ್ರೆಸ್ಡನ್‌ನಲ್ಲಿ ಓದುತ್ತಿರುವ ನಿಮಗೆ ಪ್ರಾಗ್ ನೋಡಿಬರಲು ಬೇರೆ ವೀಸಾ ಬೇಕೇ, ಶನಿವಾರ ಮತ್ತು ಭಾನುವಾರ ಸಾಕಾಗುತ್ತವೆಯೇ ಎಂದು ಕೇಳಿದ್ದೀರಿ.

ಜರ್ಮನಿಯ ವಾಸ್ತವ್ಯ ಪರವಾನಗಿ ಇರುವವರಿಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಪ್ರಾಗ್ ಇರುವ ಚೆಕ್ ಗಣರಾಜ್ಯವೂ ಜರ್ಮನಿಯಂತೆ ಷೆಂಗೆನ್ (ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಕೂಟ) ಸದಸ್ಯ; ಅದರ ನಿಯಮದಂತೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಇತರ ಸದಸ್ಯ ದೇಶಗಳಲ್ಲಿ ಓಡಾಡಬಹುದು. ಆದರೆ ಪರವಾನಗಿ ಕಾರ್ಡಿನ ಜೊತೆಗೆ ಮೂಲ ಪಾಸ್‌ಪೋರ್ಟನ್ನೂ ಒಯ್ಯಿರಿ. ಹಿಂದಿರುಗುವಾಗ ಗಡಿಯ ಹತ್ತಿರ ಪೊಲೀಸರು ರೈಲಿನೊಳಗೇ ತಪಾಸಣೆ ನಡೆಸುವುದುಂಟು, ಮೊಬೈಲಿನಲ್ಲಿರುವ ಫೋಟೊವನ್ನು ನೆಚ್ಚಿಕೊಳ್ಳಬೇಡಿ.

ಸುಮಾರು ಎರಡೂವರೆ ಗಂಟೆಯ ರೈಲು ಪ್ರಯಾಣವೇ, ನನ್ನ ಮಟ್ಟಿಗೆ, ಅರ್ಧ ಪ್ರವಾಸ. ಹೋಗುವಾಗ ಎಡಬದಿಯ ಕಿಟಕಿ ಹಿಡಿಯಿರಿ. ಪಿರ್ನಾ ದಾಟಿದ ಮೇಲೆ ಎಲ್ಬೆ ನದಿ ಹಳಿಯ ಪಕ್ಕದಲ್ಲೇ ಹರಿಯುತ್ತದೆ, ಆಚೆ ದಡದಲ್ಲಿ ಬಾಸ್ಟೈ ಎಂಬಲ್ಲಿ ಬೂದು ಬಣ್ಣದ ಮರಳುಗಲ್ಲಿನ ಬಂಡೆಗಳು ಕಾಡಿನ ನಡುವಿನಿಂದ ಕಂಬಗಳಂತೆ ಎದ್ದು ನಿಂತಿರುತ್ತವೆ.

ನಗರದ ಮಟ್ಟಿಗೆ ಎರಡು ದಿನ ಸಾಕು. 1357ರಲ್ಲಿ ಕಟ್ಟಲಾರಂಭಿಸಿದ ಚಾರ್ಲ್ಸ್ ಸೇತುವೆಯನ್ನು ಬೆಳಿಗ್ಗೆ ಏಳರೊಳಗೆ ನೋಡಿಬಿಡಿ, ಹತ್ತರ ಹೊತ್ತಿಗೆ ಅಲ್ಲಿ ಜಾತ್ರೆಯೇ ನೆರೆದಿರುತ್ತದೆ. ಹಳೆಯ ಪಟ್ಟಣದ ಖಗೋಳ ಗಡಿಯಾರದಲ್ಲಿ ಗಂಟೆಗೊಮ್ಮೆ ಅಸ್ಥಿಪಂಜರದ ಬೊಂಬೆ ಗಂಟೆ ಬಾರಿಸಿ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರ ಬೊಂಬೆಗಳು ಸುಳಿದು ಹೋಗುತ್ತವೆ; ಎಲ್ಲರೂ ತಲೆಯೆತ್ತಿ ನಿಂತಿರುವ ಆ ಹೊತ್ತಿನಲ್ಲೇ ಜೇಬಿನ ಮೇಲೆ ಒಂದು ಕೈ ಇರಲಿ. ಗುಡ್ಡದ ಮೇಲಿನ ಪ್ರಾಗ್ ಕೋಟೆಗೆ 22ನೇ ಸಂಖ್ಯೆಯ ಟ್ರಾಮ್ ಹತ್ತಿ, ಗುಡ್ಡ ಇಳಿಯುವಾಗ ನಡೆದು ಬನ್ನಿ. ಕಾಗದದ ಟಿಕೆಟ್ ಕೊಂಡಿದ್ದರೆ ಅದಕ್ಕೆ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳುವುದು ಕಡ್ಡಾಯ.

ಅಲ್ಲಿನ ಹಣ ಯೂರೊ ಅಲ್ಲ, ಕೊರುನಾ. ಕಾರ್ಡ್ ಯಂತ್ರವು ಯಾವ ಹಣದಲ್ಲಿ ಪಾವತಿ ಎಂದು ಕೇಳಿದರೆ ಕೊರುನಾವನ್ನೇ ಆರಿಸಿ. ಯೂರೊ ಒತ್ತಿದರೆ ವಿನಿಮಯ ದರದಲ್ಲಿ ಸಾಮಾನ್ಯವಾಗಿ ನಿಮಗೇ ನಷ್ಟ.