‘ಬಾಗಿಲವರೆಗೆ ಎರಡು ಸಲ ಹೋಗಿ ಹಿಂತಿರುಗಿದೆ’

ಪ್ರಶ್ನೆ: ನನಗೆ 43 ವರ್ಷ. ಹನ್ನೆರಡು ವರ್ಷಗಳಿಂದ ಕುಡಿಯುತ್ತಿದ್ದೇನೆ. ಈಗೀಗ ಬೆಳಗ್ಗೆ ಎದ್ದರೆ ಕೈ ನಡುಗುತ್ತದೆ. ಒಂದು ಗುಟುಕು ಹೋದರೆ ನಿಲ್ಲುತ್ತದೆ. ಎಷ್ಟು ಸಲ ಬಿಟ್ಟರೂ ಹತ್ತು ದಿನ ದಾಟಿಲ್ಲ. ಕುಡಿತ ಬಿಟ್ಟವರ ಎ.ಎ. ಸಭೆ ಹತ್ತಿರದಲ್ಲೇ ನಡೆಯುತ್ತದೆ ಎಂದು ತಿಳಿದು ಎರಡು ಸಲ ಬಾಗಿಲವರೆಗೆ ಹೋದೆ. ಒಮ್ಮೆ ಒಳಗಿನಿಂದ ಜೋರು ನಗು ಕೇಳಿಸಿತು. ಇನ್ನೊಮ್ಮೆ ಪರಿಚಯದ ಮುಖವೊಂದು ಕಂಡಿತು. ಎರಡು ಸಲವೂ ವಾಪಸು ಬಂದೆ. ‘ಮನೆಯವರಿಗೆ ಹೇಳಲಾಗದ್ದನ್ನು ಯಾರ‍್ಯಾರಿಗೋ ಹೇಳುತ್ತೀರಾ’ ಎಂದು ಹೆಂಡತಿ ನೊಂದುಕೊಳ್ಳುತ್ತಾಳೆ. ಏನು ಮಾಡಲಿ?

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿಯಿಂದಲೇ ಶುರು ಮಾಡುತ್ತೇನೆ: ಬೆಳಗಿನ ಆ ನಡುಕ. ಒಂದು ಗುಟುಕಿಗೆ ಅದು ನಿಲ್ಲುತ್ತದೆಂದರೆ ನಿಮ್ಮ ಮೆದುಳು, ನರಗಳು ಮದ್ಯಕ್ಕೆ ಒಗ್ಗಿಹೋಗಿವೆ. ಈ ಸ್ಥಿತಿಯಲ್ಲಿ ಹಟ ಹಿಡಿದು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೊದಲ 48 ಗಂಟೆಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನಗಳ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ತಾನೆಲ್ಲಿದ್ದೇನೆ ಎಂಬ ಅರಿವೂ ತಪ್ಪುತ್ತದೆ. ಅದು ಪ್ರಾಣಕ್ಕೇ ಕುತ್ತು ತರಬಹುದು. ಆದ್ದರಿಂದ ಈ ಸಲ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಆ ಕೆಲವು ದಿನಗಳನ್ನು ಔಷಧದ ನೆರವಿನಿಂದ ದಾಟಬಹುದು. ಸಭೆ ಈ ಚಿಕಿತ್ಸೆಗೆ ಬದಲಿಯಲ್ಲ. ಆದರೆ ಹನ್ನೊಂದನೆಯ ದಿನವೊಂದಿದೆಯಲ್ಲ, ನೀವು ಇದುವರೆಗೂ ಕಾಣದ ದಿನ, ಅದನ್ನು ಕಾಣಲು ಜೊತೆಗೆ ಜನ ಬೇಕು.

ಮನೆಯವರಿರುವಾಗ ಹೊರಗಿನವರು ಏಕೆ? 1935ರ ಮೇ ತಿಂಗಳಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಅಮೆರಿಕದ ಏಕ್ರನ್ ನಗರದ ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳು. ಬಂದ ಕೆಲಸ ಕೆಟ್ಟಿತ್ತು, ಪಕ್ಕದ ಬಾರಿನಿಂದ ಗದ್ದಲ ಕೇಳಿಸುತ್ತಿತ್ತು. ಅವನು ಬಾರಿನ ಕಡೆ ಹೋಗದೆ ಟೆಲಿಫೋನಿನ ಕಡೆ ಹೋದ. ಮಾತನಾಡಲು ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಎಂದು ಕೇಳಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಹದಿನೈದೇ ನಿಮಿಷ ಎಂದು ಒಪ್ಪಿ ಬಂದ ಅವರು ಗಂಟೆಗಟ್ಟಲೆ ಕುಳಿತರು. ಅವರು ಕೊನೆಯ ಸಲ ಕುಡಿದ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ ದಿನವೆಂದು ಎಣಿಸುತ್ತಾರೆ. ಬಾಬ್ ವೈದ್ಯರು, ಕುಡಿತದ ಕೆಡುಕನ್ನು ಅವರಿಗೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ತನ್ನ ಹಾಗೆಯೇ ಬಿದ್ದು ಎದ್ದವನ ಬಾಯಿಂದ ಅವನದೇ ಕಥೆ ಕೇಳಬೇಕಾಗಿತ್ತು, ಅಷ್ಟೆ.

ಇದನ್ನು ನಿಮ್ಮ ಪತ್ನಿಗೂ ಓದಿ ಹೇಳಿ. ಅವರ ನೋವು ಸುಳ್ಳಲ್ಲ. ಹನ್ನೆರಡು ವರ್ಷ ಅನುಭವಿಸಿದವರು ಅವರು. ಬಿಲ್‌ನ ಪತ್ನಿ ಲೋಯಿಸ್ ಕೂಡ ಸೇರಿ 1951ರಲ್ಲಿ ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪು ಕಟ್ಟಿದರು. ನಿಮ್ಮ ಪತ್ನಿಗೂ ಹೇಳಿಕೊಳ್ಳಲು ಒಂದು ಜಾಗ ಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ಆ ನಗು. ಇಂಥ ಸಭೆಯೊಂದರಲ್ಲಿ ನಾನೂ ಕುಳಿತಿದ್ದೇನೆ. ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ಬಾಟಲಿ ಬಚ್ಚಿಟ್ಟು, ಆಮೇಲೆ ಇಟ್ಟಿದ್ದೆಲ್ಲಿ ಎಂಬುದನ್ನೇ ಮರೆತು ಮನೆಯೆಲ್ಲ ಜಾಲಾಡಿದ್ದನ್ನು ಒಬ್ಬರು ಹೇಳಿದರು. ಇಡೀ ಕೋಣೆ ನಕ್ಕಿತು. ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ಬಚ್ಚಿಟ್ಟವರೇ. ಹೇಳಿದವರು ತಾವೂ ನಕ್ಕು, ಕಣ್ಣೊರೆಸಿಕೊಂಡು ಕುಳಿತರು. ನಿಮಗೆ ಕೇಳಿಸಿದ್ದೂ ಅಂಥ ನಗುವೇ ಇರಬೇಕು.

ಪರಿಚಯದ ಮುಖದ ಬಗ್ಗೆ ನೀವು ಅಂಜಬೇಕಾಗಿಲ್ಲ. ಅವರೂ ನಿಮ್ಮ ಹಾಗೆಯೇ ಒಂದು ದಿನ ಆ ಬಾಗಿಲ ಮುಂದೆ ಅಳುಕುತ್ತ ನಿಂತವರಿರಬಹುದು. ಅಲ್ಲಿ ಕಂಡವರನ್ನು, ಕೇಳಿದ ಮಾತನ್ನು ಹೊರಗೆ ಒಯ್ಯಬಾರದು ಎಂಬುದು ಆ ಸಭೆಯ ಕಟ್ಟುನಿಟ್ಟಿನ ರೂಢಿ. ಗುಂಪಿನ ಹೆಸರೇ ‘ಅನಾಮಿಕರು’. ಆದರೂ ಮನಸ್ಸು ಒಪ್ಪದಿದ್ದರೆ ಸ್ವಲ್ಪ ದೂರದ ಇನ್ನೊಂದು ಸಭೆಗೆ ಹೋಗಿ, ಅಥವಾ ಆನ್‌ಲೈನ್ ಸಭೆಯಲ್ಲಿ ಸುಮ್ಮನೆ ಕೇಳುತ್ತ ಕುಳಿತು ಶುರು ಮಾಡಿ.

ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸದಸ್ಯರಾಗಬಹುದು. ಮಾತನಾಡಲೇಬೇಕೆಂಬ ನಿಯಮವಿಲ್ಲ, ಸರದಿ ಬಂದಾಗ ‘ಇವತ್ತು ಕೇಳುತ್ತೇನೆ’ ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಕೆಲವು ಸಭೆಗಳು ಕುಡಿತದ ತೊಂದರೆ ಇರುವವರಿಗೆ ಮಾತ್ರ. ಕೆಲವು ಮುಕ್ತ ಸಭೆಗಳು, ಅವಕ್ಕೆ ಪತ್ನಿಯನ್ನೂ ಕರೆದೊಯ್ಯಬಹುದು. ‘ದೇವರು’ ಎಂಬ ಮಾತು ಬರುತ್ತದೆ. ನಿಮಗೆ ನಂಬಿಕೆಯಿಲ್ಲದಿದ್ದರೂ ಎದ್ದು ಬರಬೇಡಿ, ನಂಬದವರೂ ಅಲ್ಲಿದ್ದಾರೆ. ಒಂದೊಂದು ಗುಂಪಿನ ಹದ ಒಂದೊಂದು ಬಗೆಯದು. ಒಂದು ಹಿಡಿಸದಿದ್ದರೆ ಇನ್ನೂ ನಾಲ್ಕೈದು ನೋಡದೆ ತೀರ್ಮಾನಕ್ಕೆ ಬರಬೇಡಿ.

ಮೂರನೆಯ ಸಲ ಮಾತ್ರ ಒಬ್ಬರೇ ಹೋಗಬೇಡಿ. ಎ.ಎ. ಜಾಲತಾಣದಲ್ಲಿ ಸಹಾಯವಾಣಿ ಸಂಖ್ಯೆ ಸಿಗುತ್ತದೆ, ನೀವು ಕಾಣುವ ವೈದ್ಯರನ್ನೂ ಕೇಳಬಹುದು. ಸಭೆಯ ಜಾಗ, ವೇಳೆ ಬದಲಾಗುತ್ತಿರುತ್ತವೆ, ಅದಕ್ಕಾದರೂ ಫೋನ್ ಮಾಡಲೇಬೇಕು. ಏನು ಹೇಳಬೇಕೆಂದು ತೋಚದಿದ್ದರೆ ಇಷ್ಟು ಸಾಕು: ‘ಎರಡು ಸಲ ಬಾಗಿಲವರೆಗೆ ಬಂದು ಹಿಂತಿರುಗಿದ್ದೇನೆ. ಈ ಸಲ ಯಾರಾದರೂ ಹೊರಗೆ ಬಂದು ನಿಂತಿರುತ್ತೀರಾ?’